ಖಳನ ಚೇಲಾ ಕೈತಪ್ಪಿ ಹೋಗುವುದು

ಕಾಮಿಕ್ಸ್‌ನಲ್ಲಿ ಖಳನ ಚೇಲಾನನ್ನು ಆಂಟಿಹೀರೋ ಮಾಡುವುದು ಹೇಗೆ? ಸಾಮಾನ್ಯವಾಗಿ ಆಗುವುದು ಇಷ್ಟು: ಖಳನ ಬಲಗೈ ಬಂಟ 18ನೇ ಪುಟದವರೆಗೆ ಸುಲಿಗೆ ಮಾಡುತ್ತಾನೆ. 19ರಲ್ಲಿ ಒಂದು ಮಗು ಅಳುವುದು ಕಣ್ಣಿಗೆ ಬೀಳುತ್ತದೆ. 20ರಲ್ಲಿ ನಾಯಕನ ಪಕ್ಕ ನಿಂತಿರುತ್ತಾನೆ. ಹೊಸಬರ ಕಾಮಿಕ್ಸ್‌ನಲ್ಲಿ ಪದೇ ಪದೇ ಸಿಗುವ ಈ ತಿರುವು ವಿಭೀಷಣನದು. ವಿಭೀಷಣನಿಗೆ ಧರ್ಮದ ಕಾರಣವಿತ್ತು, ನಿಜ; ಆದರೂ ಅವನು ಒಂದು ಪಾಳೆಯದಿಂದ ಇನ್ನೊಂದಕ್ಕೆ ಹೋದವನು. ಆಂಟಿಹೀರೋಗೆ, ಅಂದರೆ ಒಳ್ಳೆಯವನಲ್ಲದೆಯೂ ಕಥೆಯ ನಡುವೆ ನಿಲ್ಲುವವನಿಗೆ, ಪಾಳೆಯವೇ ಇರುವುದಿಲ್ಲ. (ಅದಕ್ಕೆ 'ಪ್ರತಿನಾಯಕ' ಎಂದು ಬರೆಯಬೇಡಿ, ನಮ್ಮ ಕಾವ್ಯಶಾಸ್ತ್ರದಲ್ಲಿ ಅದು ಖಳನ ಹೆಸರು.)

ಈ ಕೆಲಸಕ್ಕೆ ಹಾರ್ಲಿ ಕ್ವಿನ್‌ಗಿಂತ ಒಳ್ಳೆಯ ಮಾದರಿ ಇಲ್ಲ. 1992ರಲ್ಲಿ ಬ್ಯಾಟ್‌ಮನ್ ಆನಿಮೇಷನ್ ಧಾರಾವಾಹಿಯ ಒಂದು ಕಂತಿಗೆಂದು ಪಾಲ್ ಡೀನಿ, ಬ್ರೂಸ್ ಟಿಮ್ ಹುಟ್ಟಿಸಿದ ಪಾತ್ರ, ಬ್ಯಾಟ್‌ಮನ್‌ನ ವೈರಿ ಜೋಕರನ ಚೇಲಾ ಅವಳು. 1993ರಲ್ಲಿ ಕಾಮಿಕ್ಸ್‌ಗೆ ಬಂದಳು. 1994ರ 'ಮ್ಯಾಡ್ ಲವ್' ಸಂಚಿಕೆ ಅವಳಿಗೆ ಹಿನ್ನೆಲೆ ಕೊಟ್ಟಿತು: ಮನೋವೈದ್ಯೆ, ತನ್ನ ರೋಗಿ ಜೋಕರನ ಬಲೆಗೇ ಬಿದ್ದವಳು. ಎಲ್ಲರೂ ನೆನಪಿಟ್ಟುಕೊಳ್ಳುವುದು ಈ ಹಿನ್ನೆಲೆಯನ್ನೇ. ಕಲಿಯಬೇಕಾದದ್ದು ಮಾತ್ರ ಮಾಂಸ ಕೀಳುವ ಪಿರಾನಾ ಮೀನಿನ ದೃಶ್ಯದಲ್ಲಿದೆ. ಬ್ಯಾಟ್‌ಮನ್‌ನನ್ನು ಪಿರಾನಾಗಳಿಗೆ ಹಾಕುವ ಜೋಕರನ ಹಳೆಯ ಉಪಾಯ ಕೆಲಸಕ್ಕೆ ಬಂದಿರಲಿಲ್ಲ, ಏಕೆಂದರೆ ಬ್ಯಾಟ್‌ಮನ್ ಕೊನೆಗೆ ನೋಡುವುದು ನಗುವ ಮೋರೆಗಳನ್ನೇ ಆಗಬೇಕಿತ್ತು, ಆ ಮೀನಿನ ಮೋರೆ ನಗುವುದಿಲ್ಲ. ಹಾರ್ಲಿ ಬ್ಯಾಟ್‌ಮನ್‌ನನ್ನು ತಲೆಕೆಳಗಾಗಿ ನೇತುಹಾಕುತ್ತಾಳೆ. ಅವನ ಕಣ್ಣಿಗೆ ಮೀನುಗಳು ನಗುತ್ತವೆ. ಉಪಾಯ ಜೋಕರನದಕ್ಕಿಂತ ಚೆನ್ನಾಗಿದೆ. ಅದಕ್ಕೇ ಜೋಕರ್ ಅವಳನ್ನು ಕಿಟಕಿಯಿಂದ ಕೆಳಗೆ ತಳ್ಳುತ್ತಾನೆ. ಅಷ್ಟಾದರೂ ಕೊನೆಯಲ್ಲಿ ಅವನಿಂದ ಬಂದ ಒಂದು ಗುಲಾಬಿಗೆ ಅವಳು ಮತ್ತೆ ಕರಗುತ್ತಾಳೆ.

ಚೇಲಾ ಒಡೆಯನಿಗಿಂತ ಜಾಣ ಅನ್ನುವುದು ಓದುಗರಿಗೆ ಗೊತ್ತಾಯಿತು, ಅವಳಿಗೆ ಇನ್ನೂ ಗೊತ್ತಾಗಿಲ್ಲ. ಮುಂದಿನ ವರ್ಷಗಳ ಕಥೆಯೆಲ್ಲ ಈ ಅಂತರದ ಮೇಲೆ ನಿಂತಿತು. 2000ದಲ್ಲಿ ಅವಳದೇ ಮಾಸಿಕ ಸರಣಿ ಬಂತು, 38 ಸಂಚಿಕೆ ನಡೆಯಿತು. 2013ರಲ್ಲಿ ಲೇಖಕರಾದ ಅಮಾಂಡಾ ಕಾನರ್, ಜಿಮ್ಮಿ ಪಾಲ್ಮಿಯಾಟಿ ಅವಳನ್ನು ನ್ಯೂಯಾರ್ಕ್‌ನ ಕೋನಿ ಐಲೆಂಡ್‌ನ ಒಂದು ಹಳೆಯ ಕಟ್ಟಡಕ್ಕೆ ತಂದು, ಬಾಡಿಗೆದಾರರನ್ನು ಗಂಟುಹಾಕಿ, ತೆರಿಗೆ ಕಟ್ಟಲು ಎರಡೆರಡು ಕೆಲಸ ಹಚ್ಚಿದರು. ಅವಳೇನೂ ಒಳ್ಳೆಯವಳಾಗಲಿಲ್ಲ, ತಿಂಗಳ ಖರ್ಚು ಬಂತು, ಹಾಗಾಗಿ ಸ್ವಂತ ಕಾರಣಗಳೂ ಬಂದವು.

ಇದನ್ನೇ ಮೂಡಿಗೆರೆ ಕಡೆಯ ಕಥೆಗೆ ಹಾಕಿ ನೋಡೋಣ. ಬೀಟೆ ಮರ ಕದ್ದು ಸಾಗಿಸುವ ಸಾಹುಕಾರ, ಅವನ ಜೀಪು ಓಡಿಸುವ ಹುಡುಗ. ಹುಡುಗನ ಆಸೆ ಕೈಯಲ್ಲಿ ಹಿಡಿಯುವಂಥದ್ದಾಗಿರಲಿ: ಆರು ವರ್ಷದ ಸಂಬಳದಲ್ಲಿ ಬೆಲೆ ಮುರಿದುಕೊಂಡ ಜೀಪಿನ ಆರ್.ಸಿ. ಪುಸ್ತಕ ತನ್ನ ಹೆಸರಿಗೆ ಆಗಬೇಕು. 'ಮರ್ಯಾದೆ ಬೇಕು' ಅನ್ನುವ ಆಸೆಯನ್ನು ಚಿತ್ರದಲ್ಲಿ ತೋರಿಸಲು ಆಗುವುದಿಲ್ಲ. ಕೊಟ್ಟಿಗೆಹಾರದ ಚೆಕ್‌ಪೋಸ್ಟ್‌ನಲ್ಲಿ ಸಾಹುಕಾರ ತಡವರಿಸುತ್ತಾನೆ, ಹುಡುಗನ ಮಾತು ಲೋಡನ್ನು ದಾಟಿಸುತ್ತದೆ. ಆಳುಗಳು ಹುಡುಗನನ್ನು ಹೊಗಳಿದ್ದಕ್ಕೆ ಅವರೆದುರೇ ಕೆನ್ನೆಗೆ ಏಟು.

ಆ ಏಟನ್ನು ಬರೆಯಬೇಡಿ. ಮೂರು ಚೌಕಟ್ಟು ಸಾಕು: ಜೀಪಿನ ಗೇರ್ ಗುಂಡಿಯ ಮೇಲೆ ಕೈ; ಅದೇ ಗುಂಡಿ, ಕೈ ಇಲ್ಲ; ಆಳುಗಳು ಬೇರೆ ಕಡೆ ನೋಡುತ್ತಿದ್ದಾರೆ. ಮೂರರಲ್ಲೂ ಮಾತಿಲ್ಲ.

ಇನ್ನು ಲೋಡು ಏನಾಗಬೇಕು? ಹೆಚ್ಚಿನವರು ಎಡವುವುದು ಇಲ್ಲೇ. ಅರಣ್ಯ ಇಲಾಖೆಗೆ ಒಪ್ಪಿಸಿದರೆ ಮತ್ತೆ ವಿಭೀಷಣ. ತಾನೇ ಮಾರಿಕೊಂಡರೆ ಇನ್ನೊಬ್ಬ ಸಣ್ಣ ಖಳ. ಬೆಳಗಿನ ಜಾವ ದಿಮ್ಮಿಗಳನ್ನು ಸಾಹುಕಾರನ ಗೇಟಿನ ಎದುರೇ ಉರುಳಿಸಿ, ಜೀಪು ತೆಗೆದುಕೊಂಡು ಹೋಗಲಿ. ಸೇಡು ತೀರಿತು, ಜೀಪು ಸಿಕ್ಕಿತು, ಕಳ್ಳತನ ಕಳ್ಳತನವಾಗಿಯೇ ಉಳಿಯಿತು. ಆರ್.ಸಿ. ಮಾತ್ರ ಸಾಹುಕಾರನ ಬೀರುವಿನಲ್ಲಿದೆ. ಇನ್ನು ಪ್ರತಿ ಚೆಕ್‌ಪೋಸ್ಟೂ ಹುಡುಗನಿಗೆ ಶತ್ರು. ಆ ಬೆಲೆ ತೆರದೆ ಹೊರಬಿದ್ದರೆ ಓದುಗ ನಂಬುವುದಿಲ್ಲ.

ಪುಟದ ಲೆಕ್ಕ: 22 ಪುಟದ ಸಂಚಿಕೆಯಲ್ಲಿ ಏಟು 9 ಅಥವಾ 11ರ ಕೊನೆಯಲ್ಲಿರಲಿ. ಬಲಬದಿಯ ಪುಟ ಮುಗಿಯುತ್ತದೆ, ಹಾಳೆ ತಿರುವಿದರೆ ಚಾಲಕನ ಸೀಟು ಖಾಲಿ. ಮಾತಿನ ಗುಳ್ಳೆಯಲ್ಲಿ 12–15 ಪದ ದಾಟದಿರಲಿ. ಇಂಗ್ಲಿಷ್ ಗುಳ್ಳೆಯ ಅಳತೆಗೆ ಕನ್ನಡ ತುರುಕಿದರೆ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ (ಅಕ್ಷರದ ಮೇಲಿನ ಇಕಾರದ ಗುರುತಿಗೆ) ತಾಗುತ್ತದೆ. ಸಾಲಿನ ಅಂತರ ಅಕ್ಷರದ ಗಾತ್ರದ ಒಂದೂವರೆ ಪಟ್ಟು ಇಡಿ. ಮಲೆನಾಡಿನ ಮಳೆಯನ್ನು ಬೇರೆ ಲೇಯರಿನಲ್ಲಿ, ಗುಳ್ಳೆಗಳ ಕೆಳಗೆ ಎಳೆಯಿರಿ. ಇಲ್ಲದಿದ್ದರೆ ಗೆರೆಗಳು ಅಕ್ಷರವನ್ನು ನುಂಗುತ್ತವೆ. ಚಾರ್ಮಾಡಿಯ ಮಂಜಿಗೆ ಬಣ್ಣ ಬೇಡ, ಹಾಳೆಯ ಬಿಳುಪು ಬಿಟ್ಟರಾಯಿತು.

ವೇಷ ಒಂದೇ ಸಲಕ್ಕೆ ಬದಲಾಗಬಾರದು. ಸಾಹುಕಾರ ಕೊಟ್ಟ ಜರ್ಕಿನ್ ಎರಡನೇ ಸಂಚಿಕೆಯಲ್ಲೂ ಮೈಮೇಲಿರಲಿ, ಚಳಿ ಯಾರನ್ನೂ ಬಿಡುವುದಿಲ್ಲ.

ಸಂಬೋಧನೆಯ ಮೇಲೆ ಹೆಚ್ಚು ನಿಗಾ ಬೇಕು. ಮೊದಲ ಪುಟಗಳಲ್ಲಿ 'ಸಾವ್ಕಾರ್ರೇ'. ಏಟಿನ ನಂತರ ಕರೆಯುವುದೇ ಇಲ್ಲ, ಬರೀ ಕ್ರಿಯಾಪದ: 'ಹೊರಡ್ತೀನಿ', 'ಬರಲ್ಲ'. ಜೀಪು ಹೊಡೆದುಕೊಂಡು ಹೋದ ಮೇಲೆ ಫೋನಿನಲ್ಲಿ ಬೈಯುವಾಗಲೂ ನಾಲಿಗೆ 'ನೀವು' ಅಂತಲೇ ಹೊರಳಲಿ. ಆರು ವರ್ಷದ ಅಭ್ಯಾಸ ಅದು. 'ನೀನು' ಮೂರನೇ ಸಂಚಿಕೆಗೆ ಇರಲಿ, ಅದೂ ಒಂದೇ ಸಲ, ಸಾಹುಕಾರನಿಗೆ ಕೇಳಿಸದಷ್ಟು ದೂರದಿಂದ.