ಫೈಲ್ ಎಳೆದು ಬಿಡುವ ಮೊದಲು ಆ ಕಡೆ ಏನಿದೆ ನೋಡಿ

ಡೆಸ್ಕ್‌ಟಾಪ್ ಮೂಲೆಯಲ್ಲಿ ಒಂದು ಪುಟ್ಟ ಚೌಕ. ಫೈಲನ್ನು ಎಳೆದು ಅದರ ಮೇಲೆ ಬಿಟ್ಟರೆ ಸಾಕು, ಸರ್ವರ್‌ಗೆ, ಅಂದರೆ ನಿಮ್ಮ ಸೈಟ್ ಇರುವ ಕಂಪ್ಯೂಟರ್‌ಗೆ, ಹೋಗಿ ಸೇರುತ್ತದೆ. ದಿನಕ್ಕೆ ಹತ್ತಾರು ಸಲ ಫೋಟೋ, ಪಿಡಿಎಫ್ ಅಂತ ಏರಿಸುವವರಿಗೆ ಇಂಥ ವಿಜೆಟ್ ತುಂಬಾ ಅನುಕೂಲ, ನಾನೂ ದಿನಾ ಬಳಸುತ್ತೇನೆ. ಆದರೆ ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿ ನನ್ನ ಹತ್ತಿರ ಬರುವ ತೊಂದರೆಗಳಲ್ಲಿ ಜಾಸ್ತಿ ಇದರಿಂದಲೇ ಬರುತ್ತವೆ. ಕಾರಣ ಇಷ್ಟೆ: ಫೈಲ್ ಯಾವ ಫೋಲ್ಡರ್‌ಗೆ ಹೋಗುತ್ತಿದೆ, ಅಲ್ಲಿ ಆಗಲೇ ಏನಿದೆ ಅನ್ನೋದು ವಿಜೆಟ್‌ನಲ್ಲಿ ಕಾಣುವುದಿಲ್ಲ.

ಒಂದು ತಂಡದಲ್ಲಿ ಹೀಗಾಯಿತು. ಸುಮ್ನೆ ನೋಡೋಣ ಅಂತ ಮಾಡಿದ್ದ ಇಂಡೆಕ್ಸ್ ಫೈಲನ್ನು (ಸೈಟಿನ ಮುಖಪುಟದ ಫೈಲ್) ಒಬ್ಬರು ಎಳೆದು ಬಿಟ್ಟರು, ವಿಜೆಟ್ ಹಿಂದಿನ ದಿನದ ಸೆಟ್ಟಿಂಗ್‌ನಲ್ಲೇ ಇತ್ತು, ಅದೇ ಹೆಸರಿನ ಫೈಲ್ ಮೇಲೆ ಹೋಗಿ ಕೂತು ಅಸಲಿ ಸೈಟಿನ ಮುಖಪುಟ ಅಳಿಸಿಹೋಯಿತು. ಸರ್ವರ್‌ನಲ್ಲಿ ಸಾಮಾನ್ಯವಾಗಿ ರೀಸೈಕಲ್ ಬಿನ್ ಇರುವುದಿಲ್ಲ. ಬ್ಯಾಕಪ್ ಇತ್ತು, ಹಾಗಾಗಿ ಉಳಿಯಿತು. ಅಂದಿನಿಂದ ನಾನು ಮೊದಲು ಹುಡುಕುವುದು 'ಅದೇ ಹೆಸರಿನ ಫೈಲ್ ಇದ್ದರೆ ಕೇಳು' ಅನ್ನುವ ಆಯ್ಕೆಯನ್ನು. ಅದಿಲ್ಲದ ವಿಜೆಟ್ ಇಟ್ಟುಕೊಳ್ಳಬೇಡಿ.

ಇನ್ನು ಫೈಲ್ ಹೋಗುವ ದಾರಿ. ಫೈಲ್ ಕಳಿಸುವ ಹಳೆಯ ವಿಧಾನವಾದ ಎಫ್‌ಟಿಪಿ ಹುಟ್ಟಿದ್ದು 1971ರಲ್ಲಿ, ಮೊದಲ ವಿವರಣೆ ಬರೆದವರು ಅಭಯ್ ಭೂಷಣ್. ಆಗ ಜಾಲದಲ್ಲಿ ಇದ್ದ ಕಂಪ್ಯೂಟರ್‌ಗಳೇ ಕೆಲವು, ಕದ್ದು ನೋಡುವವರ ಭಯ ಇರಲಿಲ್ಲ. ಹಾಗಾಗಿ ಬರೀ ಎಫ್‌ಟಿಪಿಯಲ್ಲಿ ನಿಮ್ಮ ಪಾಸ್‌ವರ್ಡ್ ಇದ್ದ ಹಾಗೇ ತಂತಿಯ ಮೇಲೆ ಹೋಗುತ್ತದೆ. ನಡುವೆ ಕೂತವರು ಓದಬಹುದು. ಎಸ್‌ಎಫ್‌ಟಿಪಿ ಆರಿಸಿ. ಹೆಸರು ಹತ್ತಿರದ್ದೇ ಆದರೂ ಅದು ಬೇರೆಯೇ ವ್ಯವಸ್ಥೆ, ಎಲ್ಲವನ್ನೂ ಗುಟ್ಟಾಗಿ ಕಳಿಸುವ ಎಸ್‌ಎಸ್‌ಎಚ್ ಮೇಲೆ ನಡೆಯುತ್ತದೆ, ಪೋರ್ಟ್ (ಸರ್ವರ್‌ನ ಬಾಗಿಲಿನ ಸಂಖ್ಯೆ) ಎಫ್‌ಟಿಪಿಯ 21ರ ಬದಲು ಸಾಮಾನ್ಯವಾಗಿ 22. ಮೊದಲ ಸಲ ಕನೆಕ್ಟ್ ಆಗುವಾಗ ಅಕ್ಷರ, ಅಂಕಿಗಳ ಒಂದು ಉದ್ದನೆ ಸಾಲು ತೋರಿಸಿ 'ಒಪ್ಪುತ್ತೀರಾ' ಅಂತ ಕೇಳುತ್ತದೆ ಅಲ್ವಾ, ಅದು ಸರ್ವರ್‌ನ ಗುರುತು. ಸರ್ವರ್ ಕೊಟ್ಟವರ ಹತ್ತಿರ ಇರುವ ಸಾಲಿನ ಜೊತೆ ಹೋಲಿಸಿ ನೋಡಿ, ಆಮೇಲೆ ಒಪ್ಪಿ. ಮುಂದೆ ಯಾವತ್ತಾದರೂ ಆ ಗುರುತು ಬದಲಾಗಿದೆ ಅಂತ ಎಚ್ಚರಿಕೆ ಬಂದರೆ ನಿಲ್ಲಿಸಿ, ಕೇಳಿ.

ವಿಜೆಟ್‌ಗೆ ಮುಖ್ಯ ಅಕೌಂಟ್ ಕೊಡಲೇಬೇಡಿ. ಒಂದೇ ಫೋಲ್ಡರ್ ಮುಟ್ಟಬಲ್ಲ ಬೇರೆ ಅಕೌಂಟ್ ಮಾಡಿಸಿ. ಲ್ಯಾಪ್‌ಟಾಪ್ ಕಳೆದುಹೋದರೂ ಆ ಒಂದು ಅಕೌಂಟ್ ಮುಚ್ಚಿದರೆ ಆಯಿತು.

ಏರಿಸಿದ ಚಿತ್ರ ಪುಟದಲ್ಲಿ ಕಾಣುತ್ತಿಲ್ಲ ಅಂದರೆ ಮೊದಲು ಹೆಸರು ನೋಡಿ. ಲಿನಕ್ಸ್ ಸರ್ವರ್‌ಗೆ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆ. ಹೆಸರು ಸರಿಯಿದ್ದರೆ ಅನುಮತಿ, ಅಂದರೆ ಯಾರು ಓದಬಹುದು, ಯಾರು ತಿದ್ದಬಹುದು ಅಂತ ಹೇಳುವ ಸಂಖ್ಯೆ ನೋಡಿ: ಫೈಲ್‌ಗೆ ಸಾಮಾನ್ಯವಾಗಿ 644, ಫೋಲ್ಡರ್‌ಗೆ 755 ಸಾಕು. ಸಮಸ್ಯೆ ಮುಗಿಯಲಿ ಅಂತ 777 ಕೊಡುವವರಿದ್ದಾರೆ, ಹಾಗೆ ಮಾಡಿದರೆ ಆ ಸರ್ವರ್‌ನಲ್ಲಿರುವ ಯಾವ ಅಕೌಂಟ್ ಬೇಕಾದರೂ ಅದನ್ನು ತಿದ್ದಬಹುದು.

ದೊಡ್ಡ ಫೈಲ್‌ಗಳದ್ದು ಇನ್ನೊಂದು ಪಾಡು. ನೆಟ್ ನಡುವೆ ಕಡಿದರೆ ಅರ್ಧ ಫೈಲ್ ಪೂರ್ತಿ ಹೆಸರಿನಲ್ಲೇ ಅಲ್ಲಿ ಕೂತಿರುತ್ತದೆ, ನೋಡುವವರು ಅದನ್ನೇ ಇಳಿಸಿಕೊಳ್ಳುತ್ತಾರೆ. ಮೊದಲು ತಾತ್ಕಾಲಿಕ ಹೆಸರಿನಲ್ಲಿ ಏರಿಸಿ, ಮುಗಿದ ಮೇಲೆ ಹೆಸರು ಬದಲಿಸುವ ಆಯ್ಕೆ ಕೆಲವು ವಿಜೆಟ್‌ಗಳಲ್ಲಿದೆ. ಇಲ್ಲದಿದ್ದರೆ ನೀವೇ ಬೇರೆ ಹೆಸರಿನಲ್ಲಿ ಏರಿಸಿ, ಎರಡೂ ಕಡೆ ಎಷ್ಟು ಬೈಟ್ ಇದೆ ಅಂತ ತಾಳೆ ನೋಡಿ, ಆಮೇಲೆ ಹೆಸರು ಬದಲಿಸಿ.