ಬ್ಯಾಕರ್‌ಗಳು ಸಿಕ್ಕಾಯಿತು, ಹೊಸ ಆಟಗಾರರು? ಶವಲ್ ನೈಟ್ ಕೇಸ್ ಟಿಪ್ಪಣಿ

ಕ್ರೌಡ್‌ಫಂಡಿಂಗ್‌ನಲ್ಲಿ, ಅಂದರೆ ಆಟ ತಯಾರಾಗುವ ಮೊದಲೇ ಜನರಿಂದ ಚಂದಾ ಎತ್ತುವಾಗ, ದುಡ್ಡು ಹಾಕುವವರು (ಬ್ಯಾಕರ್‌ಗಳು) ಮೊದಲೇ ಒಲಿದವರು. ಆ ಬಗೆಯ ಆಟದ ಹುಚ್ಚು ಅವರಿಗೆ ಇದ್ದೇ ಇರುತ್ತದೆ. ಬಿಡುಗಡೆಯಾದ ಮೇಲೆ ಆನ್‌ಲೈನ್ ಅಂಗಡಿ ಪುಟಕ್ಕೆ ಬರುವ ಹೊಸ ಆಟಗಾರ ಹಾಗಲ್ಲ. ನೀವು ಚಂದಾ ಎತ್ತಿದ್ದು ಅವನಿಗೆ ಗೊತ್ತಿಲ್ಲ. ಗೊತ್ತಾದರೂ ಅವನಿಗೇನು? ಈ ಇಬ್ಬರಿಗೂ ಒಂದೇ ಮಾತು ಹೇಳಿದರೆ ಕೆಲಸ ಕೆಡುತ್ತದೆ.

ಶವಲ್ ನೈಟ್ (ಅಂದರೆ ಸಲಿಕೆ ಯೋಧ) ಎಂಬ ವಿಡಿಯೊ ಗೇಮ್ ಮಾಡಿದ್ದು ಅಮೆರಿಕದ ಯಾಟ್ ಕ್ಲಬ್ ಗೇಮ್ಸ್ ಎಂಬ ಸಣ್ಣ ತಂಡ. 2013ರ ಮಾರ್ಚ್‌ನಲ್ಲಿ ಚಂದಾ ಎತ್ತುವ ಕಿಕ್‌ಸ್ಟಾರ್ಟರ್ ಜಾಲತಾಣದಲ್ಲಿ 75,000 ಡಾಲರ್ ಕೇಳಿದರು. ಸಿಕ್ಕಿದ್ದು 3,11,502 ಡಾಲರ್, 14,749 ಜನರಿಂದ. 2014ರ ಜೂನ್‌ನಲ್ಲಿ ಆಟ ಹೊರಬಂತು. ಮೊದಲ ತಿಂಗಳಲ್ಲೇ ಸುಮಾರು 1,80,000 ಪ್ರತಿ ಮಾರಾಟವಾಯಿತು. ಅಂದರೆ ಬ್ಯಾಕರ್‌ಗಳ ಸಂಖ್ಯೆಯ ಹನ್ನೆರಡು ಪಟ್ಟು. ನಾವು ಓದಬೇಕಾದದ್ದು ಈ ಉಳಿದವರು ಬಂದದ್ದು ಹೇಗೆ ಅನ್ನುವುದನ್ನು.

ಆಟ ನೋಡಲು 1980ರ ದಶಕದ ನಿಂಟೆಂಡೊ ಆಟಗಳ ಹಾಗಿದೆ: ದಪ್ಪ ಪಿಕ್ಸೆಲ್, ಪೀಂ ಪೀಂ ಸಂಗೀತ, ಎಡದಿಂದ ಬಲಕ್ಕೆ ಓಟ. ಹಳೆಯ ಅಭಿಮಾನಿಗಳಿಗೆ ಇಷ್ಟು ಸಾಕು. ಅವರಿಗಾಗಿಯೇ ಆ ಕಾಲದ ಮೆಗಾ ಮ್ಯಾನ್ ಆಟಕ್ಕೆ ಸಂಗೀತ ಕೊಟ್ಟ ಮನಾಮಿ ಮತ್ಸುಮಾಯೆ ಅವರಿಂದ ಎರಡು ಹಾಡು ಮಾಡಿಸಿದರು. ಆದರೆ ಆ ಕಾಲದ ಆಟ ಕಂಡೇ ಇರದ ಹುಡುಗನಿಗೆ ಆ ಹೆಸರು ಹೇಳಿ ಏನು ಪ್ರಯೋಜನ? ಅವನಿಗೆ ಬೇಕಾದದ್ದು ಒಂದು ಚಿತ್ರ. ನೀಲಿ ರಕ್ಷಾಕವಚದ ನೈಟ್, ಕೈಯಲ್ಲಿ ಕತ್ತಿಯ ಬದಲು ಸಲಿಕೆ. ಸಲಿಕೆಯನ್ನು ಕೆಳಕ್ಕೆ ಹಿಡಿದು ಶತ್ರುವಿನ ತಲೆ ಮೇಲೆ ಕುಪ್ಪಳಿಸುತ್ತಾನೆ. ಹತ್ತು ಸೆಕೆಂಡಿನ ವಿಡಿಯೊದಲ್ಲಿ ಆಟ ಅರ್ಥವಾಗುತ್ತದೆ, ಹೆಸರೂ ನೆನಪಿರುತ್ತದೆ. ಚಂದಾ ಎತ್ತುವ ಕ್ಯಾಂಪೇನ್ ನಡೆಯುತ್ತಿದ್ದಾಗಲೇ ಬಾಸ್ಟನ್‌ನ ಪ್ಯಾಕ್ಸ್ ಈಸ್ಟ್ ಎಂಬ ಆಟಗಳ ಮೇಳದಲ್ಲಿ ಡೆಮೊ ಇಟ್ಟು ಬಂದವರ ಕೈಗೆ ಕಂಟ್ರೋಲರ್ ಕೊಟ್ಟರು. ಮಾತಿಗಿಂತ ಅದು ಜಾಸ್ತಿ ಕೆಲಸ ಮಾಡುತ್ತದೆ, ಅಲ್ವಾ?

ಪರೀಕ್ಷೆಗೆ ಓದುವಾಗ ನಾವು ಸಾಮಾನ್ಯವಾಗಿ ಬಿಟ್ಟುಬಿಡುವ ಭಾಗ ಇನ್ನೊಂದಿದೆ: ಆಟದ ವಿನ್ಯಾಸವೇ ಮಾರ್ಕೆಟಿಂಗ್. ಹಳೆಯ ಆಟಗಳಲ್ಲಿ ಮೂರು ಜೀವ ಮುಗಿದರೆ ಕಥೆ ಮುಗಿಯಿತು. ಇಲ್ಲಿ ಜೀವಗಳ ಲೆಕ್ಕವೇ ಇಲ್ಲ. ಸತ್ತರೆ ಒಂದಿಷ್ಟು ಚಿನ್ನ ಅಲ್ಲೇ ಬೀಳುತ್ತದೆ, ಮತ್ತೆ ಹೋಗಿ ಹೆಕ್ಕಿಕೊಳ್ಳಬಹುದು. ಕಷ್ಟ ಬೇಕೆನ್ನುವವರು ಚೆಕ್‌ಪಾಯಿಂಟನ್ನೇ (ಸತ್ತರೆ ಮತ್ತೆ ಶುರುವಾಗುವ ಜಾಗ) ಒಡೆದು ಇನ್ನಷ್ಟು ಚಿನ್ನ ಗಳಿಸಬಹುದು. ಹೊಸಬನಿಗೆ ಬಾಗಿಲು ತೆರೆದಿದೆ, ಪಳಗಿದವನಿಗೆ ಸವಾಲೂ ಇದೆ. ಕಂಪ್ಯೂಟರ್ ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಈಗ ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಕೊಂಡ ಹದಿನಾಲ್ಕು ದಿನದೊಳಗೆ ದುಡ್ಡು ವಾಪಸ್ ಕೇಳಬಹುದು. ಹಾಗಾಗಿ ಮೊದಲ ಅರ್ಧ ಗಂಟೆಯಲ್ಲಿ ಸುಮ್ನೆ ಗೋಳು ಹೊಯ್ದುಕೊಳ್ಳುವ ಆಟಕ್ಕೆ ಎಷ್ಟು ಜಾಹೀರಾತು ಕೊಟ್ಟರೂ ಅಷ್ಟೆ.

ಸ್ಟ್ರೆಚ್ ಗೋಲ್, ಅಂದರೆ ಕೇಳಿದ್ದಕ್ಕಿಂತ ಹೆಚ್ಚು ಚಂದಾ ಬಂದರೆ ಕೊಡುವ ಹೆಚ್ಚುವರಿ ಭರವಸೆ, ಇದರ ವಿಚಾರದಲ್ಲಿ ನನಗೆ ಎರಡು ಮನಸ್ಸು. ಹೆಚ್ಚು ದುಡ್ಡು ಬಂದರೆ ಖಳನಾಯಕರನ್ನೇ ನಾಯಕರಾಗಿ ಆಡುವ ಹೊಸ ಕಥೆಗಳನ್ನು ಉಚಿತವಾಗಿ ಕೊಡುತ್ತೇವೆ ಎಂದು ತಂಡ ಮಾತು ಕೊಟ್ಟಿತ್ತು. ಅದು ತೀರಿದ್ದು 2019ರ ಡಿಸೆಂಬರ್‌ನಲ್ಲಿ! ಸಣ್ಣ ತಂಡಕ್ಕೆ ಇದು ದೊಡ್ಡ ಹೊರೆ. ಆದರೆ 2015, 2017, 2019ರಲ್ಲಿ ಒಂದೊಂದು ಕಥೆ ಬಂದಾಗಲೂ ಆಟ ಮತ್ತೆ ಸುದ್ದಿಯಾಯಿತು. 2017ರಲ್ಲಿ ಬಂದದ್ದು, ಬರಬೇಕಾದದ್ದು ಎಲ್ಲವನ್ನೂ ಸೇರಿಸಿ 'ಟ್ರೆಷರ್ ಟ್ರೋವ್' ಎಂದು ಹೆಸರಿಟ್ಟು ಬೆಲೆ ಏರಿಸಿದರು. ಮೊದಲೇ ಕೊಂಡವರು ಮತ್ತೆ ಕಾಸು ಕೊಡಬೇಕಿರಲಿಲ್ಲ. ಮೊದಲು ನಂಬಿದವರಿಗೆ ಲಾಭ, ತಡವಾಗಿ ಬಂದವರಿಗೆ ತುಂಬಿದ ಪೊಟ್ಟಣ.

ನನಗೆ ತುಂಬಾ ಹಿಡಿಸಿದ್ದು ಅತಿಥಿ ಪಾತ್ರಗಳ ಉಪಾಯ. ಪ್ಲೇಸ್ಟೇಷನ್ ಆವೃತ್ತಿಯಲ್ಲಿ ಗಾಡ್ ಆಫ್ ವಾರ್ ಆಟದ ನಾಯಕ ಕ್ರೇಟೋಸ್ ಎದುರಾಳಿಯಾಗಿ ಬರುತ್ತಾನೆ, ಎಕ್ಸ್‌ಬಾಕ್ಸ್‌ನಲ್ಲಿ ಬ್ಯಾಟಲ್‌ಟೋಡ್ಸ್ ಆಟದ ಕಪ್ಪೆಗಳು. ನಿಂಟೆಂಡೊ ಕಡೆಗೆ ಅಮೀಬೊ, ಅಂದರೆ ಆಟಕ್ಕೆ ಜೋಡಿಸಬಹುದಾದ ಗೊಂಬೆ, ಬಂತು. ಆಯಾ ಕನ್ಸೋಲಿನವರಿಗೆ ಅವರ ಪರಿಚಯದ ಮುಖವನ್ನೇ ಮುಂದಿಟ್ಟರು. 2018ರ ನಿಂಟೆಂಡೊ ಆಟ ಸೂಪರ್ ಸ್ಮ್ಯಾಶ್ ಬ್ರದರ್ಸ್ ಅಲ್ಟಿಮೇಟ್‌ನಲ್ಲಿ ಸಲಿಕೆ ನೈಟ್ ತಾನೇ ಅತಿಥಿಯಾಗಿ ಹೋದ.

ಅಭ್ಯಾಸಕ್ಕೆ: ಕಿಕ್‌ಸ್ಟಾರ್ಟರ್‌ನಿಂದ ಬಂದ ಯಾವುದಾದರೂ ಆಟದ ಸ್ಟೀಮ್ ಪುಟ ತೆರೆಯಿರಿ. ಟ್ರೇಲರ್‌ನ ಮೊದಲ ಹತ್ತು ಸೆಕೆಂಡಿನಲ್ಲಿ ಆಟ ಕಾಣುತ್ತದೋ, ಬರೀ ಲೋಗೊ ಕಾಣುತ್ತದೋ ನೋಡಿ. ವಿವರಣೆಯಲ್ಲಿ ಹಳೆಯ ಆಟಗಳ ಹೆಸರನ್ನೆಲ್ಲ ಹೊಡೆದುಹಾಕಿ. ಉಳಿದದ್ದನ್ನು ಓದಿ, ಈ ಆಟದಲ್ಲಿ ಏನು ಮಾಡಬೇಕು ಎಂದು ಗೆಳೆಯರಿಗೆ ಹೇಳಲು ಆಗುತ್ತದೆಯೇ ಎಂದು ಬರೆದುಕೊಳ್ಳಿ.