ಒಂದೇ ಚುಕ್ಕಿಯ ವ್ಯತ್ಯಾಸ: ವರ್ನನ್ ಇಂಗ್ರಾಂ ಅವರ ಶೋಧ ಮತ್ತು ಕೊಡಗಿನ ಹಾಡಿಗಳ ಸಿಕಲ್ ಸೆಲ್

ಕೊಡಗಿನ ತಿತಿಮತಿ, ಬಾಳೆಲೆ, ಕುಟ್ಟ ಕಡೆಯ ಹಾಡಿಗಳಲ್ಲಿಯೂ ಕಾಫಿ ತೋಟಗಳ ಲೈನ್ ಮನೆಗಳಲ್ಲಿಯೂ ‘ಸಿಕಲ್ ಸೆಲ್’ ಎಂಬ ಮಾತು ಈಗ ಹೊಸದಲ್ಲ. ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಆನುವಂಶಿಕ ಕಾಯಿಲೆಯಿದು. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ಅನೀಮಿಯಾ ನಿರ್ಮೂಲನಾ ಅಭಿಯಾನವು ಕರ್ನಾಟಕವೂ ಸೇರಿದಂತೆ 17 ರಾಜ್ಯಗಳಲ್ಲಿ, 40 ವರ್ಷದವರೆಗಿನ 7 ಕೋಟಿ ಜನರ ರಕ್ತ ಪರೀಕ್ಷಿಸುವ ಗುರಿ ಇಟ್ಟುಕೊಂಡಿದೆ. ಕಾಯಿಲೆಯನ್ನು ನಿರ್ಮೂಲ ಮಾಡಲು ಅದು ಹಾಕಿಕೊಂಡಿರುವ ಗಡುವು 2047. ಯೋಜನೆ ಹೊಸದಾದರೂ ಅದು ನೆಚ್ಚಿಕೊಂಡಿರುವ ವಿಜ್ಞಾನ ಬಹಳ ಹಳೆಯದು. ಮನುಷ್ಯನನ್ನು ಕಾಡುವ ಆನುವಂಶಿಕ ಕಾಯಿಲೆಗಳ ಪೈಕಿ ಅಣುವಿನ ಮಟ್ಟದಲ್ಲಿ ಮೊಟ್ಟಮೊದಲು ಅರ್ಥವಾದದ್ದು ಇದೇ ಕಾಯಿಲೆ. ಅದನ್ನು ಅರ್ಥಮಾಡಿಸಿದ ಪ್ರಬಂಧ ಪ್ರಕಟವಾದದ್ದು 1956ರ ಅಕ್ಟೋಬರ್‌ನಲ್ಲಿ. ಸಿ.ಎಂ. ಪೂಣಚ್ಚ ಅವರು ಮುಖ್ಯಮಂತ್ರಿಯಾಗಿದ್ದ ಪುಟ್ಟ ಕೊಡಗು ರಾಜ್ಯ ಮೈಸೂರಿನಲ್ಲಿ ವಿಲೀನವಾಗಲು ಆಗ ಕೆಲವೇ ದಿನಗಳು ಬಾಕಿಯಿದ್ದವು. ಅಷ್ಟು ಹಿಂದೆ ತಿಳಿದ ಸಂಗತಿ ಇಲ್ಲಿನ ಬುಡಕಟ್ಟುಗಳಾದ ಎರವರ, ಜೇನು ಕುರುಬರ ಮನೆ ಬಾಗಿಲಿಗೆ ಬರಲು ಇಷ್ಟು ಕಾಲ ಏಕೆ ಬೇಕಾಯಿತು ಎಂಬುದನ್ನು ತಿಳಿಯಬೇಕಾದರೆ ಆ ಪ್ರಬಂಧ ಬರೆದವರಿಂದಲೇ ಆರಂಭಿಸಬೇಕು.

ವರ್ನನ್ ಇಂಗ್ರಾಂ ಹುಟ್ಟಿದ್ದು 1924ರಲ್ಲಿ, ಆಗ ಜರ್ಮನಿಗೆ ಸೇರಿದ್ದ ಬ್ರೆಸ್ಲಾವ್ ನಗರದಲ್ಲಿ. ಇಂದು ಅದು ಪೋಲೆಂಡಿನ ವ್ರೊಟ್ಸ್ವಾಫ್. ನಾಜಿಗಳ ಆಡಳಿತದಲ್ಲಿ ಬದುಕಲಾರದೆ ಅವರ ಕುಟುಂಬ 1938ರಲ್ಲಿ ಇಂಗ್ಲೆಂಡಿಗೆ ಬಂತು. ಯುದ್ಧದ ವರ್ಷಗಳಲ್ಲಿ ಹಗಲು ಔಷಧ ತಯಾರಿಕಾ ಸಂಸ್ಥೆಯೊಂದರಲ್ಲಿ ರಸಾಯನಶಾಸ್ತ್ರಜ್ಞನಾಗಿ ದುಡಿದು, ಸಂಜೆ ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿನಲ್ಲಿ ಓದಿ, 1945ರಲ್ಲಿ ಪದವಿಯನ್ನೂ 1949ರಲ್ಲಿ ಡಾಕ್ಟರೇಟನ್ನೂ ಪಡೆದರು. ಅಮೆರಿಕದಲ್ಲಿ ಸ್ವಲ್ಪ ಕಾಲ ಪ್ರೋಟೀನುಗಳ ಮೇಲೆ ಕೆಲಸ ಮಾಡಿ, 1952ರಲ್ಲಿ ಕೇಂಬ್ರಿಡ್ಜಿನ ಕ್ಯಾವೆಂಡಿಶ್ ಪ್ರಯೋಗಾಲಯಕ್ಕೆ ಬಂದರು. ಅಲ್ಲಿ ಮ್ಯಾಕ್ಸ್ ಪೆರುಟ್ಜ್ ಅವರು ರಕ್ತದ ಪ್ರೋಟೀನಾದ ಹಿಮೋಗ್ಲೋಬಿನ್ನಿನ ಆಕಾರವನ್ನು ಎಕ್ಸ್-ಕಿರಣಗಳ ಮೂಲಕ ಕಾಣಲು ಹೆಣಗುತ್ತಿದ್ದರು, ಅದಕ್ಕೆ ಬೇಕಾದ ಪಾದರಸದ ಪರಮಾಣುಗಳನ್ನು ಆ ಅಣುವಿಗೆ ಜೋಡಿಸಿಕೊಡುವುದು ಇಂಗ್ರಾಂ ಅವರ ಪಾಲಿನ ಕೆಲಸವಾಗಿತ್ತು. ಇನ್ನೊಬ್ಬರ ಸಂಶೋಧನೆಗೆ ಕೈಜೋಡಿಸಲು ಬಂದ ರಸಾಯನಶಾಸ್ತ್ರಜ್ಞ ಅವರು, ಆನುವಂಶಿಕ ಶಾಸ್ತ್ರದಲ್ಲಿ ತರಬೇತಿ ಪಡೆದವರಲ್ಲ.

ಕಾಯಿಲೆಯ ಕಥೆ ಅದಾಗಲೇ ಅರ್ಧ ದಾರಿ ಸಾಗಿತ್ತು. ರಕ್ತದ ಕಣಗಳು ಕುಡುಗೋಲಿನಂತೆ ಬಾಗಿರುವುದನ್ನು ಷಿಕಾಗೋದ ವೈದ್ಯ ಜೇಮ್ಸ್ ಹೆರಿಕ್ 1910ರಲ್ಲಿ ವರದಿ ಮಾಡಿದ್ದರು. ಆಮ್ಲಜನಕ ಕಡಿಮೆಯಾದಾಗ ಮಾತ್ರ ಕಣಗಳು ಹಾಗೆ ಬಾಗುತ್ತವೆ ಎಂಬುದನ್ನು 1945ರಲ್ಲಿ ವಿಲಿಯಂ ಕ್ಯಾಸಲ್ ಎಂಬ ವೈದ್ಯರಿಂದ ಕೇಳಿ ತಿಳಿದ ಅಮೆರಿಕದ ರಸಾಯನಶಾಸ್ತ್ರಜ್ಞ ಲೈನಸ್ ಪಾಲಿಂಗ್, ಹಾಗಾದರೆ ದೋಷವಿರುವುದು ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ನಿನಲ್ಲೇ ಎಂದು ಊಹಿಸಿದರು. ರೋಗಿಗಳ ಹಿಮೋಗ್ಲೋಬಿನ್ ವಿದ್ಯುತ್ ಕ್ಷೇತ್ರದಲ್ಲಿ ಬೇರೆಯೇ ವೇಗದಲ್ಲಿ ಚಲಿಸುತ್ತದೆ ಎಂದು ಅವರ ತಂಡ 1949ರಲ್ಲಿ ತೋರಿಸಿ, ಇದನ್ನು ‘ಅಣುವಿನ ಕಾಯಿಲೆ’ ಎಂದು ಕರೆಯಿತು. ತಂದೆ ತಾಯಿ ಇಬ್ಬರಿಂದಲೂ ದೋಷದ ಜೀನ್ ಬಂದರೆ ಕಾಯಿಲೆ, ಒಬ್ಬರಿಂದ ಮಾತ್ರ ಬಂದರೆ ವಾಹಕ ಸ್ಥಿತಿ ಎಂಬುದೂ ಅದೇ ವರ್ಷ ಜೇಮ್ಸ್ ನೀಲ್ ಅವರಿಂದ ಖಚಿತವಾಯಿತು. ಆದರೆ ಅಣುವಿನಲ್ಲಿ ಕೆಟ್ಟಿರುವುದು ಏನು, ಎಷ್ಟು ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಅದನ್ನು ತಿಳಿಯುವ ದಾರಿ ಕಠಿಣವಾಗಿತ್ತು. ಪ್ರೋಟೀನುಗಳೆಂದರೆ ಅಮೈನೋ ಆಮ್ಲಗಳೆಂಬ ಘಟಕಗಳ ಸರಪಳಿಗಳು. ಕೇವಲ 51 ಅಮೈನೋ ಆಮ್ಲಗಳಿರುವ ಇನ್ಸುಲಿನ್ನಿನ ಜೋಡಣೆಯನ್ನು ಬಿಡಿಸಲು ಫ್ರೆಡರಿಕ್ ಸ್ಯಾಂಗರ್ ಅವರಿಗೆ ಸುಮಾರು ಹತ್ತು ವರ್ಷ ಹಿಡಿದಿತ್ತು, ಹಿಮೋಗ್ಲೋಬಿನ್ನಿನಲ್ಲಿರುವುದು 574. ಅಷ್ಟನ್ನೂ ಒಂದೊಂದಾಗಿ ಓದುವ ಗೊಡವೆಗೇ ಇಂಗ್ರಾಂ ಹೋಗಲಿಲ್ಲ. ಎರಡು ಅಣುಗಳ ನಡುವಿನ ವ್ಯತ್ಯಾಸವಷ್ಟೇ ಬೇಕಿರುವಾಗ ಅವೆರಡನ್ನೂ ಪೂರ್ತಿ ಓದಬೇಕಾಗಿಲ್ಲ ಎಂಬ ಸರಳ ವಿವೇಕವೇ ಈ ಶೋಧದ ಜೀವಾಳ ಎಂದು ನನಗನ್ನಿಸುತ್ತದೆ. ಜೀನಿನ ಬದಲಾವಣೆ ಪ್ರೋಟೀನಿನಲ್ಲಿ ಕಾಣುತ್ತದೆಯೇ ಎಂದು ಅವರು ಫ್ರಾನ್ಸಿಸ್ ಕ್ರಿಕ್ ಜೊತೆ ಸೇರಿ ಮೊದಲು ಕೋಳಿಮೊಟ್ಟೆಯ ಪ್ರೋಟೀನಾದ ಲೈಸೋಜೈಮ್‌ನಲ್ಲಿ ಹುಡುಕಿ ಬರಿಗೈಯಲ್ಲಿ ಮರಳಿದ್ದರು. ಆಮೇಲೆ ಅವರ ಕೈಗೆ ಬಂದದ್ದು, ಕೀನ್ಯಾದಲ್ಲಿ ಬೆಳೆದ ವೈದ್ಯ ಆಂಟನಿ ಆಲಿಸನ್ ಅವರು ಪೆರುಟ್ಜ್ ಬಳಿ ಬಿಟ್ಟುಹೋಗಿದ್ದ ಸಿಕಲ್ ಸೆಲ್ ಹಿಮೋಗ್ಲೋಬಿನ್.

ಪ್ರಯೋಗದ ವಿಧಾನವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸಾಮಾನ್ಯ ಹಿಮೋಗ್ಲೋಬಿನ್ನನ್ನೂ ರೋಗಿಯ ಹಿಮೋಗ್ಲೋಬಿನ್ನನ್ನೂ ಟ್ರಿಪ್ಸಿನ್ ಎಂಬ ಕಿಣ್ವದಿಂದ ಬೇರೆ ಬೇರೆಯಾಗಿ ಕತ್ತರಿಸಲಾಯಿತು. ಈ ಕಿಣ್ವ ಎಲ್ಲೆಂದರಲ್ಲಿ ಕತ್ತರಿಸುವುದಿಲ್ಲ; ಎರಡು ನಿರ್ದಿಷ್ಟ ಅಮೈನೋ ಆಮ್ಲಗಳ ಪಕ್ಕದಲ್ಲಿ ಮಾತ್ರ ಕೊಂಡಿ ಕಳಚುವುದರಿಂದ ಪ್ರತಿಸಲವೂ ಅವೇ ಸುಮಾರು ಮೂವತ್ತು ತುಣುಕುಗಳು ಸಿಗುತ್ತವೆ. ಆ ದ್ರಾವಣದ ಒಂದು ತೊಟ್ಟನ್ನು ದೊಡ್ಡ ಸೋಸುಕಾಗದದ ಮೇಲಿಟ್ಟು, ಒಂದು ದಿಕ್ಕಿನಲ್ಲಿ ವಿದ್ಯುತ್ ಹಾಯಿಸಿ, ಅದಕ್ಕೆ ಅಡ್ಡಲಾದ ದಿಕ್ಕಿನಲ್ಲಿ ದ್ರಾವಕವನ್ನು ಹರಿಸಿದಾಗ ತುಣುಕುಗಳು ಕಾಗದದ ತುಂಬ ಚದುರಿದವು. ನಿನ್‌ಹೈಡ್ರಿನ್ ಎಂಬ ರಾಸಾಯನಿಕ ಸವರಿ ಕಾಯಿಸಿದಾಗ ಅವು ನೇರಳೆ ಬಣ್ಣದ ಚುಕ್ಕಿಗಳಾಗಿ ಮೂಡಿದವು. ಎರಡು ಅಂಗಳದ ರಂಗೋಲಿಗಳನ್ನು ಚುಕ್ಕಿಗೆ ಚುಕ್ಕಿ ತಾಳೆ ನೋಡಿದ ಹಾಗೆ ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಎಲ್ಲ ಚುಕ್ಕಿಗಳೂ ಇದ್ದಲ್ಲೇ ಇದ್ದವು, ಒಂದೇ ಒಂದು ಮಾತ್ರ ಜಾಗ ಬದಲಿಸಿತ್ತು. ಈ ವಿಧಾನಕ್ಕೆ ಇಂಗ್ರಾಂ ಕೊಟ್ಟ ಹೆಸರು ‘ಬೆರಳಚ್ಚು’.

ಮರುವರ್ಷ, 1957ರಲ್ಲಿ, ಆ ಒಂದು ತುಣುಕನ್ನು ಬಿಡಿಸಿ ನೋಡಿದಾಗ ಗ್ಲುಟಾಮಿಕ್ ಆಮ್ಲ ಇರಬೇಕಾದ ಕಡೆ ವ್ಯಾಲಿನ್ ಇರುವುದು ತಿಳಿಯಿತು. ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯ ಆರನೆಯ ಸ್ಥಾನವದು. ಅಣುವಿನ ಎರಡು ಅರ್ಧಗಳೂ ಒಂದೇ ತೆರನಾಗಿರುವುದರಿಂದ, ಸುಮಾರು ಮುನ್ನೂರು ಅಮೈನೋ ಆಮ್ಲಗಳಲ್ಲಿ ಒಂದೇ ಒಂದು ಬದಲಾಗಿತ್ತು ಎಂದು ಲೆಕ್ಕ. ನೀರಿನೊಡನೆ ಬೆರೆಯುವ, ವಿದ್ಯುದಾವೇಶವಿರುವ ಆಮ್ಲದ ಜಾಗದಲ್ಲಿ ನೀರನ್ನು ಒಲ್ಲದ ವ್ಯಾಲಿನ್ ಕುಳಿತದ್ದರಿಂದ ಆಮ್ಲಜನಕ ಕಳಚಿಕೊಂಡ ಹಿಮೋಗ್ಲೋಬಿನ್ ಅಣುಗಳು ಒಂದಕ್ಕೊಂದು ಅಂಟಿಕೊಂಡು ಉದ್ದನೆಯ ಎಳೆಗಳಾಗುತ್ತವೆ. ಆ ಎಳೆಗಳು ಕಣವನ್ನು ಒಳಗಿನಿಂದ ಸೆಟೆಸಿ ಕುಡುಗೋಲಿನ ಆಕಾರಕ್ಕೆ ತರುತ್ತವೆ. ಬಾಗಿದ ಕಣಗಳು ಕಿರಿದಾದ ರಕ್ತನಾಳಗಳಲ್ಲಿ ಸಿಕ್ಕಿಕೊಂಡಾಗ ಎದೆ, ಬೆನ್ನು, ಕೈಕಾಲುಗಳಲ್ಲಿ ತಡೆಯಲಾರದ ನೋವು ಕಾಣಿಸಿಕೊಳ್ಳುತ್ತದೆ. ಸಾಮಾನ್ಯ ಕೆಂಪುಕಣ ಸುಮಾರು 120 ದಿನ ಬದುಕಿದರೆ ಇವು ಹತ್ತಿಪ್ಪತ್ತು ದಿನಗಳಲ್ಲೇ ನಾಶವಾಗುವುದರಿಂದ ರಕ್ತಹೀನತೆ ಬಿಡದೆ ಕಾಡುತ್ತದೆ. ಜೀನ್ ಮಾಡುವ ಕೆಲಸವೆಂದರೆ ಪ್ರೋಟೀನಿನಲ್ಲಿ ಅಮೈನೋ ಆಮ್ಲಗಳ ಸಾಲನ್ನು ನಿರ್ಧರಿಸುವುದು ಎಂಬ ಮಾತಿಗೆ, ಆನುವಂಶಿಕ ಸಂಕೇತ ಇನ್ನೂ ಬಿಡಿಸದಿದ್ದ ಆ ಕಾಲದಲ್ಲಿ, ಇದಕ್ಕಿಂತ ನೇರವಾದ ಸಾಕ್ಷ್ಯ ಇರಲಿಲ್ಲ.

ಇಂಗ್ರಾಂ 1958ರಲ್ಲಿ ಅಮೆರಿಕದ ಎಂಐಟಿಗೆ ಹೋಗಿ ಕೊನೆಯವರೆಗೂ ಅಲ್ಲಿಯೇ ಇದ್ದರು. ಬೇರೆ ಬೇರೆ ಹಿಮೋಗ್ಲೋಬಿನ್ ಸರಪಳಿಗಳು ಒಂದೇ ಮೂಲ ಜೀನಿನ ಪ್ರತಿಗಳಿಂದ ವಿಕಾಸಗೊಂಡಿವೆ ಎಂಬ ವಾದವನ್ನು 1961ರಲ್ಲಿ ಮಂಡಿಸಿದರು, ಮುಂದೆ ಆಲ್‌ಜೈಮರ್ ಕಾಯಿಲೆಯ ಬಗ್ಗೆ ಕೆಲಸ ಮಾಡಿದರು, 2006ರ ಆಗಸ್ಟ್‌ನಲ್ಲಿ ತೀರಿಕೊಂಡರು. ಅವರಿಗೆ ನೊಬೆಲ್ ಬರಲಿಲ್ಲ.

ಇನ್ನು ನಮ್ಮ ಕಡೆಯ ಕಥೆ. ಭಾರತದಲ್ಲಿ ಸಿಕಲ್ ಸೆಲ್ ಗುಣ ಮೊದಲು ದಾಖಲಾದದ್ದು 1952ರಲ್ಲಿ: ಅಸ್ಸಾಮಿನ ಚಹಾ ತೋಟಗಳ ಕೂಲಿಕಾರರಲ್ಲಿ, ಮತ್ತು ನೀಲಗಿರಿಯ ಬುಡಕಟ್ಟುಗಳಲ್ಲಿ. ನೀಲಗಿರಿಯ ವರದಿ ಬರೆದವರಲ್ಲಿ ಒಬ್ಬರಾದ ಹರ್ಮನ್ ಲೇಮನ್ ಕೂಡ ಇಂಗ್ರಾಂ ಅವರಂತೆಯೇ ಜರ್ಮನಿಯಿಂದ ಇಂಗ್ಲೆಂಡಿಗೆ ಬಂದು ನೆಲೆಸಿದವರು. ಆ ಹುಡುಕಾಟದ ಹಿಂದೆ ಇದ್ದ ಮುಖ್ಯ ಆಸಕ್ತಿ ಜನಾಂಗಗಳ ಪ್ರಾಚೀನ ನಂಟಿನ ಜಾಡು ಹಿಡಿಯುವುದೇ ಹೊರತು ಚಿಕಿತ್ಸೆಯಲ್ಲ. ಬುಡಕಟ್ಟು ಜನರ ರಕ್ತ ಬಹುಕಾಲ ಮಾನವಶಾಸ್ತ್ರದ ಸಾಮಗ್ರಿಯಾಗಿತ್ತು. ರಕ್ತ ಕೊಟ್ಟವರಿಗೆ ಅದರ ಫಲಿತಾಂಶ ಹೇಳಬೇಕೆಂಬ ರೂಢಿ ಆಗ ಇರಲಿಲ್ಲ. ನೀಲಗಿರಿ, ವಯನಾಡು, ಬಂಡೀಪುರ, ನಾಗರಹೊಳೆ ಒಂದಕ್ಕೊಂದು ಕೂಡಿಕೊಂಡ ಕಾಡು. ವಯನಾಡಿನ ಪಣಿಯರು, ಕುರಿಚ್ಯರಲ್ಲಿಯೂ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿಯೂ ಕೊಡಗಿನ ಎರವರು ಮತ್ತು ಜೇನು ಕುರುಬರಲ್ಲಿಯೂ ಇದೇ ಜೀನ್ ಕಂಡುಬಂದಿರುವುದರಲ್ಲಿ ಅಚ್ಚರಿಯೇನಿಲ್ಲ.

ಈ ಜೀನ್ ಇಲ್ಲಿ ಉಳಿದದ್ದಕ್ಕೆ ಕಾರಣವನ್ನೂ ಆಲಿಸನ್ ಅವರು 1954ರಲ್ಲೇ ಹೇಳಿದ್ದರು. ಒಂದೇ ಪ್ರತಿ ಇರುವ ವಾಹಕರಿಗೆ ಮಲೇರಿಯಾದ ಮಾರಕ ರೂಪದಿಂದ ಗಣನೀಯ ರಕ್ಷಣೆ ಸಿಗುತ್ತದೆ. ಡಿಡಿಟಿ ಸಿಂಪಡಣೆಗೆ ಮುಂಚೆ ಮಲೆನಾಡಿನ ಕಾಡಂಚಿನಲ್ಲಿ ಚಳಿಜ್ವರಕ್ಕೆ ಮಕ್ಕಳನ್ನು ಕಳೆದುಕೊಳ್ಳದ ಮನೆಗಳು ವಿರಳ. ಅಂಥ ಕಾಡಿನಲ್ಲಿ ತಲೆಮಾರುಗಳಿಂದ ಬದುಕಿದವರ ರಕ್ತದಲ್ಲಿ ಈ ಜೀನ್ ಇದೆಯೆಂದರೆ, ಅದು ಅವರ ಪೂರ್ವಿಕರು ಬದುಕಿ ಉಳಿದ ದಾರಿಯೂ ಹೌದು. ಇದನ್ನು ‘ಆ ಜಾತಿಯವರ ಕಾಯಿಲೆ’ ಎಂದೂ, ಒಳಗೊಳಗೇ ಮದುವೆಯಾದ ತಪ್ಪಿನ ಫಲವೆಂದೂ ಮಾತನಾಡುವವರು ಓದಿಕೊಂಡವರಲ್ಲೇ ಇದ್ದಾರೆ. ಒಳಮದುವೆಯಿಂದ ಇಬ್ಬರು ವಾಹಕರು ಕೂಡುವ ಸಂಭವ ಹೆಚ್ಚುತ್ತದೆ ಎಂಬುದು ನಿಜ, ಆದರೆ ಒಳಮದುವೆ ಈ ಜೀನನ್ನು ಹುಟ್ಟಿಸಿದ್ದಲ್ಲ.

ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ 1953ರಲ್ಲಿ ಆರಂಭವಾದ ಮೇಲೆ ಚಳಿಜ್ವರ ಇಳಿಯಿತು, ಜೀನ್ ಮಾತ್ರ ಉಳಿಯಿತು. ಅದರ ಬೆನ್ನಲ್ಲೇ, 1955ರಲ್ಲಿ, ನಾಗರಹೊಳೆ ಅಭಯಾರಣ್ಯವಾಯಿತು, ಮುಂದೆ ರಾಷ್ಟ್ರೀಯ ಉದ್ಯಾನವಾಯಿತು. ಕಾಡಿನಿಂದ ಹೊರಬಿದ್ದ ಕುಟುಂಬಗಳು ಕಾಫಿ ತೋಟಗಳ ಲೈನ್ ಮನೆ ಸೇರಿ, ಕೊಯ್ಲು ಮುಗಿದ ಮೇಲೆ ಇನ್ನೊಂದು ತೋಟಕ್ಕೆ, ಕೆಲವೊಮ್ಮೆ ಗಡಿ ದಾಟಿ ಶುಂಠಿ ಹೊಲಕ್ಕೆ ಹೋಗುವ ಬದುಕಿನಲ್ಲಿ ಒಂದು ಮಗುವಿನ ಆರೋಗ್ಯದ ದಾಖಲೆ ಒಂದೇ ಕಡೆ ಉಳಿಯುವುದಾದರೂ ಹೇಗೆ? ಕೈಕಾಲು ಊದಿ ಅಳುವ ಕೂಸಿಗೆ ವಾತವೆಂದು ಎಣ್ಣೆ ಸವರುವುದು, ಶಾಲೆಯ ತಪಾಸಣೆಯಲ್ಲಿ ‘ರಕ್ತ ಕಡಿಮೆ’ ಎಂದು ಬರೆದು ಕಬ್ಬಿಣಾಂಶದ ಮಾತ್ರೆ ಕೊಟ್ಟು ಕಳಿಸುವುದು, ಕಣ್ಣು ಹಳದಿಯಾದರೆ ಕಾಮಾಲೆಯ ಮದ್ದು ಹುಡುಕುವುದು, ಹೀಗೆ ಒಂದೇ ಕಾಯಿಲೆ ಮೂರು ನಾಲ್ಕು ಹೆಸರಿನಲ್ಲಿ ಹಂಚಿಹೋಗುತ್ತದೆ. ಕಬ್ಬಿಣಾಂಶದ ಕೊರತೆಯ ರಕ್ತಹೀನತೆಯೇ ಬೇರೆ, ಇದೇ ಬೇರೆ. ಎರಡೂ ಒಬ್ಬರಲ್ಲೇ ಇರಬಹುದಾದ್ದರಿಂದ ಪರೀಕ್ಷೆ ಮಾಡದೆ ಮಾತ್ರೆ ಕೊಡುವುದೂ ಸರಿಯಲ್ಲ, ನಿಲ್ಲಿಸುವುದೂ ಸರಿಯಲ್ಲ.

ಕೊಡಗಿನ ಹವಾಮಾನವೂ ಈ ಕಾಯಿಲೆಗೆ ಒದಗಿ ಬರುವಂಥದ್ದೇ. ಚಳಿ, ನೆನೆಯುವುದು, ಮೈಯಲ್ಲಿ ನೀರಿನಂಶ ಕಡಿಮೆಯಾಗುವುದು, ಸೋಂಕು, ಅತಿಯಾದ ದಣಿವು ನೋವಿನ ಹೊಡೆತವನ್ನು ಎಬ್ಬಿಸುತ್ತವೆ. ಕಕ್ಕಡ ಮಾಸದ ಮಳೆಯಲ್ಲಿ ಪ್ಲಾಸ್ಟಿಕ್ ಕೊಪ್ಪೆ ಹೊದ್ದು ತೋಟದಲ್ಲಿ ನಿಲ್ಲುವ ಹೆಂಗಸಿಗೂ, ಜನವರಿಯ ಕಾಫಿ ಕುಯ್ಲಿನಲ್ಲಿ ಚೀಲದ ಲೆಕ್ಕಕ್ಕೆ ದುಡಿಯುತ್ತ ನೀರು ಕುಡಿಯಲು ಪುರುಸೊತ್ತಿಲ್ಲದ ಹುಡುಗನಿಗೂ ಇವು ನಿತ್ಯದ ಪಾಡು. ಭಾರತದಲ್ಲಿ ಕಾಣುವ ಸಿಕಲ್ ಜೀನಿನ ಜೊತೆ ಭ್ರೂಣದ ಹಿಮೋಗ್ಲೋಬಿನ್ (ಗರ್ಭದಲ್ಲಿದ್ದಾಗಿನ, ಕಣಗಳನ್ನು ಬಾಗಿಸದ ಬಗೆ) ಹೆಚ್ಚಾಗಿ ಉಳಿಯುವ ಗುಣ ಸೇರಿರುವುದರಿಂದ ಇಲ್ಲಿ ಕಾಯಿಲೆ ಆಫ್ರಿಕಾದಷ್ಟು ಉಗ್ರವಲ್ಲ ಎಂಬ ಮಾತು 1980ರ ದಶಕದಿಂದ ಚಾಲ್ತಿಯಲ್ಲಿದೆ. ಸರಾಸರಿಗೆ ಅದು ನಿಜವಿರಬಹುದು. ಆದರೆ ಸರಾಸರಿಯನ್ನು ನೆಚ್ಚಿ ತಾಲ್ಲೂಕು ಆಸ್ಪತ್ರೆಯಲ್ಲಿ ನೋವಿನಿಂದ ನರಳುವವರನ್ನು ಹಿಂದೆ ಕಳಿಸಲಾಗದು.

ಹಾಡಿಯಲ್ಲಿ ನಡೆಯುವ ಪರೀಕ್ಷೆಗಳಲ್ಲಿ ಬಹಳ ಬಳಕೆಯಲ್ಲಿರುವುದು ಕರಗುವಿಕೆಯ ಪರೀಕ್ಷೆ. ಬೆರಳಿನ ಒಂದು ಹನಿ ರಕ್ತವನ್ನು ಆಮ್ಲಜನಕ ಹೀರುವ ದ್ರಾವಣಕ್ಕೆ ಹಾಕಿ, ಗೆರೆ ಎಳೆದ ಕಾಗದದ ಮುಂದೆ ಕೊಳವೆಯನ್ನು ಹಿಡಿಯುತ್ತಾರೆ. ಗೆರೆಗಳು ಕೆಂಪು ದ್ರವದಾಚೆ ಸ್ಪಷ್ಟವಾಗಿ ಕಂಡರೆ ಸಿಕಲ್ ಹಿಮೋಗ್ಲೋಬಿನ್ ಇಲ್ಲ. ದ್ರವ ಮಂಕಾಗಿ ಗೆರೆಗಳು ಮರೆಯಾದರೆ ಇದೆ. ಆ ಮಂಕಿಗೆ ಕಾರಣ, ವ್ಯಾಲಿನ್ನಿನಿಂದಾಗಿ ಅಂಟಿಕೊಂಡ ಅವೇ ಅಣುಗಳು. ಆದರೆ ವಾಹಕ ಯಾರು, ರೋಗಿ ಯಾರು ಎಂದು ಈ ಪರೀಕ್ಷೆ ಹೇಳುವುದಿಲ್ಲ, ಕೆಲವೇ ತಿಂಗಳ ಕೂಸುಗಳಲ್ಲಿ ನಂಬಲೂ ಆಗುವುದಿಲ್ಲ. ಅದಕ್ಕೆ ಎಚ್‌ಪಿಎಲ್‌ಸಿ ಎಂಬ, ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರದಲ್ಲಿ ಎರಡನೆಯ ಪರೀಕ್ಷೆ ಆಗಬೇಕು. ಮೊದಲ ಪರೀಕ್ಷೆಯ ಫಲಿತಾಂಶವನ್ನೇ ಕಾಯಿಲೆ ಎಂದು ತಿಳಿದು ಕುಟುಂಬ ಕಂಗಾಲಾಗುವುದಕ್ಕೆ ಇವೆರಡರ ನಡುವಿನ ಅಂತರವೇ ದಾರಿ ಮಾಡಿಕೊಡುತ್ತದೆ.

ಅಮೆರಿಕದಲ್ಲಿ ಇದು ನಡೆದುಹೋಗಿದೆ. 1970ರ ದಶಕದ ಆರಂಭದಲ್ಲಿ ಹಲವು ರಾಜ್ಯಗಳು ಕಪ್ಪು ಜನರಿಗೆ ಪರೀಕ್ಷೆಯನ್ನು ಕಡ್ಡಾಯ ಮಾಡಿದಾಗ ವಾಹಕರನ್ನೂ ರೋಗಿಗಳೆಂದೇ ಎಣಿಸಿ ಕೆಲಸ, ವಿಮೆ ನಿರಾಕರಿಸಿದ ಪ್ರಸಂಗಗಳಾದವು. ಪರೀಕ್ಷೆ ಸ್ವಇಚ್ಛೆಯದಾಗಿರಬೇಕು ಎಂಬ ಷರತ್ತಿನೊಡನೆ 1972ರಲ್ಲಿ ರಾಷ್ಟ್ರೀಯ ಕಾನೂನು ತರಬೇಕಾಯಿತು. ನಮ್ಮ ಅಭಿಯಾನದಲ್ಲಿ ಪರೀಕ್ಷೆಯ ಫಲಿತಾಂಶ ಬರೆದು ಕೊಡುವ ಕಾರ್ಡನ್ನು ಮದುವೆಗೆ ಮುಂಚೆ ಹೋಲಿಸಿ ನೋಡಿ ಎಂಬ ಸಲಹೆಯಿದೆ. ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲಿಯೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು ಎಂಬುದನ್ನು ತಿಳಿಸುವುದು ಅಗತ್ಯವೇ. ಆದರೆ ಕಾರ್ಡ್ ಹಿಡಿದ ಹುಡುಗಿಗೆ ಗಂಡು ಸಿಗದಂತಾದರೆ, ಮುಂದಿನ ಮನೆಯವರು ಪರೀಕ್ಷೆಗೆ ಬೆರಳು ಕೊಡುವುದಿಲ್ಲ. ಆಪ್ತ ಸಮಾಲೋಚನೆ ಅವರ ಮಾತಿನಲ್ಲೇ, ಅವರ ಹಾಡಿಯವರಿಂದಲೇ ನಡೆಯಬೇಕು ಎನ್ನುವುದು ಈ ಕಾರಣಕ್ಕೆ.

ಚಿಕಿತ್ಸೆಯ ವಿಷಯದಲ್ಲಿ ಎರಡು ತುದಿಗಳಿವೆ. ಜೀನನ್ನೇ ತಿದ್ದುವ ಕ್ಯಾಸ್‌ಜೆವಿ ಚಿಕಿತ್ಸೆಗೆ 2023ರ ಕೊನೆಯಲ್ಲಿ ಬ್ರಿಟನ್ ಮತ್ತು ಅಮೆರಿಕ ಒಪ್ಪಿಗೆ ಕೊಟ್ಟವು. ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್. ಇನ್ನೊಂದು ತುದಿಯಲ್ಲಿ ಹೈಡ್ರಾಕ್ಸಿಯೂರಿಯಾ ಇದೆ, ಅಮೆರಿಕ ಈ ಕಾಯಿಲೆಗೆ 1998ರಲ್ಲೇ ಅದನ್ನು ಒಪ್ಪಿತ್ತು. ಭ್ರೂಣದ ಹಿಮೋಗ್ಲೋಬಿನ್ ಹೆಚ್ಚಿಸಿ ನೋವಿನ ಹೊಡೆತಗಳನ್ನು ತಗ್ಗಿಸುವ ಈ ಔಷಧ ದುಬಾರಿಯಲ್ಲ. ಆದರೆ ದಿನವೂ ತಪ್ಪದೆ ನುಂಗಬೇಕು, ಆಗಾಗ ರಕ್ತಕಣಗಳ ಎಣಿಕೆ ಮಾಡಿಸಿ ಪ್ರಮಾಣ ಹೊಂದಿಸಬೇಕು. ಇದಕ್ಕಾಗಿ ಮಡಿಕೇರಿಗೋ ಮೈಸೂರಿಗೋ ಹೋಗಿ ಬರುವುದೆಂದರೆ ಲೈನ್ ಮನೆಯವರಿಗೆ ಒಂದು ದಿನದ ಕೂಲಿ ಮತ್ತು ಬಸ್ಸಿನ ಖರ್ಚು. ಎಣಿಕೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಗಿ, ಔಷಧ ಆಶಾ ಕಾರ್ಯಕರ್ತೆಯ ಕೈಯಲ್ಲಿ ಬಂದರೆ ಅರ್ಧ ಸಮಸ್ಯೆ ಕಳೆಯುತ್ತದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಿಕಲ್ ಸೆಲ್ ಕಾಯಿಲೆಯನ್ನು ತನ್ನ 21 ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿದೆ. ಪ್ರಮಾಣಪತ್ರಕ್ಕೆ ಖಚಿತ ಪರೀಕ್ಷೆಯ ವರದಿ ಬೇಕು, ಗುರುತು ಮತ್ತು ವಿಳಾಸದ ದಾಖಲೆ ಬೇಕು. ತೋಟದ ಮಾಲೀಕರ ಲೈನ್ ಮನೆಯಲ್ಲಿರುವ ಎಷ್ಟೋ ಕುಟುಂಬಗಳು ಸೋಲುವುದು ವಿಳಾಸದ ಸಾಲಿನಲ್ಲೇ. ಪತ್ರ ಸಿಕ್ಕ ಮೇಲೂ, ಸರ್ಕಾರಿ ನೌಕರಿಯಲ್ಲಿ ಅಂಗವಿಕಲರಿಗೆ ಮೀಸಲಾದ ಶೇ 4ರ ಪಾಲಿನಲ್ಲಿ ರಕ್ತದ ಕಾಯಿಲೆಯವರಿಗೆ ಜಾಗವಿಲ್ಲ.